ನಡುಗೋಡೆಯ ಒಪ್ಪಿಗೆ

ನಮ್ಮ ಓಣಿಯಲ್ಲಿ ಮಣ್ಣು ಹಾಸಿದ ಚಪ್ಪಟೆ ಸೂರಿನ ಹನ್ನೊಂದು ಮಾಳಿಗೆಮನೆಗಳಿದ್ದವು. ಗೋಡೆಗೆ ಗೋಡೆ ಸೇರಿಸಿ ಕಟ್ಟಿದ್ದರಿಂದ ಈ ತುದಿಯಲ್ಲಿ ಮಾಳಿಗೆ ಹತ್ತಿದವರು ಆ ತುದಿಯಲ್ಲಿ ಇಳಿಯಬಹುದಿತ್ತು. ಎರಡು ಸಾವಿರದ ಮೂರರ ಬೇಸಿಗೆಯ ಹೊತ್ತಿಗೆ ಐದು ಮಾತ್ರ ಉಳಿದಿದ್ದವು. ಮಿಕ್ಕ ಕಡೆ ಶಟರ್ ಅಂಗಡಿಗಳು ಎದ್ದಿದ್ದವು. ಚಳ್ಳಕೆರೆ ಬೆಳೆಯುತ್ತಿದೆ ಎಂದು ಎಲ್ಲರೂ ಖುಷಿಪಡುತ್ತಿದ್ದರು.

ಪಕ್ಕದ ಮನೆಯನ್ನು ಎಣ್ಣೆ ಮಿಲ್ಲಿನ ಕೊಟ್ಟೂರಪ್ಪ ಕೊಂಡಿದ್ದ. ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುವವನಿದ್ದ. ಆ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಎರಡೂ ಕಡೆಯ ತೊಲೆಗಳು ಅದರ ಮೇಲೆ ಕೂತಿವೆ. ಅದನ್ನು ತೆಗೆದರೆ ನಮ್ಮ ಮಾಳಿಗೆ ಕುಸಿಯುತ್ತದೆ. ಅದಕ್ಕೇ ಓಣಿಯಲ್ಲೊಂದು ಕಟ್ಟಳೆ: ನಡುಗೋಡೆಗೆ ಹಾರೆ ಹಾಕುವ ಮುಂಚೆ ಪಕ್ಕದ ಮನೆಯವರಿಗೆ ಎಲೆ-ಅಡಿಕೆ ಕೊಡಬೇಕು. ಅವರು ತೆಗೆದುಕೊಂಡರೆ ಒಪ್ಪಿದ ಹಾಗೆ.

ನನ್ನ ಗಂಡ ಶಶಿಕಾಂತ್ ತೀರಿಕೊಂಡು ಏಳು ತಿಂಗಳಾಗಿತ್ತು. ಮನೆಯಲ್ಲಿದ್ದವರು ನಾನು, ಅತ್ತೆ ತಿಪ್ಪೇರುದ್ರಮ್ಮ.

ಅವತ್ತು ಬೆಳಿಗ್ಗೆ ಗೋಡೆಯ ಮಣ್ಣು ಉದುರಿ ಹಾಲಿನ ಪಾತ್ರೆಗೆ ಬಿತ್ತು. ಮಾಳಿಗೆ ಹತ್ತಿದೆ. ಗೋಡೆಯ ನೆತ್ತಿಯ ಮೇಲೆ ದೊಡ್ಡಪಾಲಯ್ಯ ಹಾರೆ ಹಿಡಿದು ನಿಂತಿದ್ದ. ಓಣಿಯ ಮಾಳಿಗೆಗಳಿಗೆ ವರ್ಷವರ್ಷ ಮಣ್ಣು ಹಾಕುವವನೂ ಅವನೇ.

“ಯಾರನ್ನ ಕೇಳಿ ಕೀಳ್ತಿದೀಯ, ಪಾಲಯ್ಯ?”

“ಎಲೆ-ಅಡಿಕೆ ಆಗೈತಂತಲ್ಲವ್ವ.”

“ಯಾರು ತಗೊಂಡ್ರು?”

ಕೆಳಗೆ ಕುರ್ಚಿ ಹಾಕಿಕೊಂಡಿದ್ದ ಕೊಟ್ಟೂರಪ್ಪ ಉತ್ತರ ಕೊಟ್ಟ: “ನಾಗೇಂದ್ರಪ್ಪ ತಗಂಡ. ನಿನ್ನ ಗಂಡನ ದೊಡ್ಡಪ್ಪನ ಮಗ. ಗಂಡಸಿಲ್ಲದ ಮನೇಲಿ ಯಾರ ಕೈಗೆ ಕೊಡ್ಲಿ ಹೇಳವ್ವ? ನಿಮ್ಮ ಮನೆತನಕ್ಕೆ ಮರ್ಯಾದೆ ಕೊಡ್ಬೇಕಂತಲೇ ನಾಯಕನಹಟ್ಟಿಗಂಟ ಹೋಗಿದ್ದೆ.”

ಇಪ್ಪತ್ತು ಕಿಲೋಮೀಟರ್ ಹೋಗಿದ್ದ. ನಮ್ಮ ಬಾಗಿಲಿಗೆ ಇಪ್ಪತ್ತು ಹೆಜ್ಜೆ.

“ಪಾಲಯ್ಯ, ಆ ನಾಗೇಂದ್ರಪ್ಪ ಈ ಮಾಳಿಗೆ ಕೆಳಗೆ ಒಂದು ದಿನ ಮಲಗಿದ್ದಾನಾ?”

“ನಾನಂತೂ ಕಂಡಿಲ್ಲವ್ವ.”

“ಹಂಗಾದ್ರೆ ಇದು ಬಿದ್ರೆ ಯಾರ ಮೇಲೆ ಬೀಳುತ್ತೆ?”

ಪಾಲಯ್ಯ ಹಾರೆ ಕೆಳಗಿಟ್ಟ.

“ಏ, ಕೂಲಿ ಕೊಡೋನು ನಾನೋ, ಆಯಮ್ಮನೋ?” ಕೊಟ್ಟೂರಪ್ಪ ಕೂಗಿದ.

“ನೀವೇ ಸ್ವಾಮಿ. ಆದ್ರೆ ಹೆಂಗಸರ ತಲೆ ಮೇಲೆ ಮಾಳಿಗೆ ಕೆಡವಿದ ಅಂತ ಜನ ನನ್ನ ಹೆಸರು ಹೇಳ್ತಾರೆ, ನಿಮ್ದಲ್ಲ.”

ಅಷ್ಟರಲ್ಲಿ ಓಣಿಯ ಜನ ಸೇರಿದ್ದರು. ಯಾರೋ ನಕ್ಕರು. ಕೊಟ್ಟೂರಪ್ಪ ತಟ್ಟೆ ತರಿಸಿ, ತಾನೇ ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿ ಬಂದ. ಎಲೆ, ಅಡಿಕೆ, ಮೇಲೊಂದು ಬಾಳೆಹಣ್ಣು. ನನ್ನ ಗಂಡ ಸತ್ತಮೇಲೆ ಅವನು ನನ್ನ ಮುಖ ನೋಡಿದ್ದು ಅವತ್ತೇ.

“ತಗೋ ತಾಯಿ. ನಿನ್ನ ಕೈಗೇ ಕೊಡ್ತಿದೀನಿ. ಇನ್ನೇನು ಬೇಕು?”

“ತಗಳೇ ಸರ್ವಮಂಗಳ! ದೊಡ್ಡೋರು ತಾವಾಗೇ ಮೇಲೆ ಹತ್ತಿ ಬಂದವ್ರೆ,” ಎದುರುಮನೆಯ ಹುಚ್ಚಕ್ಕ ಕೆಳಗಿನಿಂದ ಕೂಗಿದಳು.

ನನಗೆ ಬೇಕಿದ್ದದ್ದು ಮರ್ಯಾದೆ ಎಂದುಕೊಂಡಿದ್ದರು. ಆರು ಮನೆಗಳು ಹೀಗೇ, ಪೂರ್ತಿ ಮರ್ಯಾದೆಯೊಂದಿಗೆ, ನೆಲಸಮವಾಗಿದ್ದವು. ಪ್ರತಿಸಲವೂ ಪಕ್ಕದವರು ಕೈಚಾಚಿ ತೆಗೆದುಕೊಂಡಿದ್ದರು. ಬೇಡ ಎಂದವರನ್ನು ನಾನು ಕಂಡಿರಲಿಲ್ಲ.

“ನಾನು ತಗೊಳ್ಳಲ್ಲ.”

“ಏನಂದೆ?”

“ತಗೊಳ್ಳಲ್ಲ. ಇಳೀರಿ.”

“ಸಾಕು ಬಾರೇ, ಮಾನ ಹೋಗ್ತೈತೆ!” ಅಂಗಳದಿಂದ ಅತ್ತೆಯ ದನಿ.

“ಮನೆ ಹೋಗ್ತಿದೆ ಅತ್ತೆ!”

ಕೊಟ್ಟೂರಪ್ಪ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ. “ನಾಳೆ ಮಿಷಿನ್ ತರಿಸ್ತೀನಿ. ಅದಕ್ಕೆ ಯಾರ ಒಪ್ಪಿಗೆನೂ ಬೇಕಿಲ್ಲ.”

“ತರಿಸ್ರಿ. ನಾನು ಇಲ್ಲೇ ಕೂತಿರ್ತೀನಿ. ಡ್ರೈವರ್‌ಗೆ ಮೊದಲೇ ಹೇಳಿರ್ರಿ.”

“ಎಂಎ ಓದಿದೀಯಂತೆ. ಈ ಹಳೇ ಮಣ್ಣಿನ ಗೂಡು ಇಟ್ಕಂಡು ಏನ್ ಮಾಡ್ತೀಯೇ?”

“ವಾಸ ಮಾಡ್ತೀನಿ,” ಎಂದೆ.