ಹುಟ್ಟಿನಿಂದ ಬಲಹೀನ ಹೃದಯ

ಸಕ್ಕರೆಪಾಕ ಸವರಿ ಬೇಯಿಸಿದ ಹಂದಿ ತೊಡೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಈಗ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ನಮ್ಮೂರಿನಲ್ಲಿ ಯಾರೇ ಸಾಯಲಿ, ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿ ತೊಡೆ, ಚೀಸ್ ಸುರಿದ ಆಲೂಗಡ್ಡೆ, ಬೇಯಿಸಿದ ಬೀನ್ಸ್, ಮುಟ್ಟಿದರೆ ನಡುಗುವ ಕೆಂಪು ಜೆಲ್ಲಿ. ಹದಿನಾರು ವರ್ಷದಿಂದ ಆ ಅಡುಗೆಮನೆ ನನ್ನ ಉಸ್ತುವಾರಿಯಲ್ಲಿದೆ. ಮೊದಲೆಲ್ಲ ವಯಸ್ಸಾದವರಿಗೆ, ನನ್ನ ಗಂಡನ ಹಾಗೆ ಗಣಿಯಲ್ಲಿ ಕಲ್ಲಿದ್ದಲ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತವರಿಗೆ ಬೇಯಿಸುತ್ತಿದ್ದೆವು. ಈಚೆಗೆ ಬರುವುದೆಲ್ಲ ಇಪ್ಪತ್ತು, ಇಪ್ಪತ್ತೈದರ ಮಕ್ಕಳ ಹೆಣ. ಊಟ ಮಾತ್ರ ಬದಲಾಗಿಲ್ಲ. ಮಕ್ಕಳಿಗೂ ಅದೇ ಜೆಲ್ಲಿ.

ನನಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ವಾರಪತ್ರಿಕೆಗೆ ಮರಣವಾರ್ತೆ ಬರೆದುಕೊಡುವುದು. ನನ್ನ ಕೈಯಲ್ಲಿ ಒಳ್ಳೆಯ ಮಾತು ಬರುತ್ತದೆ ಎಂದು ಊರಿಗೆಲ್ಲ ನಂಬಿಕೆ. ನನಗೂ ಇತ್ತು, ಅದರ ಜಂಬವೂ ಇತ್ತು. 'ದೀರ್ಘಕಾಲದ ಹೋರಾಟದ ನಂತರ' ಎಂದು ಬರೆದರೆ ಕ್ಯಾನ್ಸರ್. 'ಹಠಾತ್ತನೆ, ಮನೆಯಲ್ಲಿ' ಎಂದು ಬರೆದು ವಯಸ್ಸು ನಲವತ್ತರ ಒಳಗಿದ್ದರೆ, ಓದಿದವರು ಪತ್ರಿಕೆ ಮಡಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಶೆಯ ಮಾತ್ರೆ ನುಂಗಿ ಸತ್ತದ್ದು ಎಂದು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ.

ಚರ್ಚಿನ ಅಡುಗೆಮನೆಯಲ್ಲಿ ನನ್ನ ಜೊತೆ ಆಲೂಗಡ್ಡೆ ಸುಲಿಯುತ್ತ ಆರ್ಲೀನ್ ಆ ವಾರ್ತೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. "ಹಠಾತ್ತನೆ ಅಂತೆ. ಇಪ್ಪತ್ಮೂರು ವರ್ಷದವ್ನು. ಹಠಾತ್ತನೆ ಏನು, ಬಸ್ ಹತ್ಕೊಂಡು ಹೋದ್ನಾ?" ಎನ್ನುವಳು. "ಮನೇಲಿ ಹಿಡಿತ ಇರ್ಲಿಲ್ಲ, ಅಷ್ಟೆ. ತಾಯಿ ಸರಿ ಇದ್ದಿದ್ರೆ ಹೀಗೆ ಆಗ್ತಿತ್ತಾ?"

ನಾವೆಲ್ಲ ನಗುತ್ತಿದ್ದೆವು. ಹೆಚ್ಚು ನಕ್ಕವಳು ನಾನು. ನೆನೆಸಿಕೊಂಡರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಕಳೆದ ವರ್ಷ ಆರೋಗ್ಯ ಇಲಾಖೆಯ ಒಬ್ಬ ಹೆಂಗಸು ಒಂದು ಡಬ್ಬ ತುಂಬ ಔಷಧಿ ಹೊತ್ತು ಬಂದಿದ್ದಳು. ಮೂಗಿಗೆ ಹೊಡೆಯುವ ಔಷಧಿ. "ಮಾತ್ರೆ ನುಂಗಿ ಉಸಿರು ನಿಲ್ತಾ ಇರೋರಿಗೆ ಇದನ್ನ ಒಂದ್ಸಲ ಹೊಡೀರಿ, ಆಂಬ್ಯುಲೆನ್ಸ್ ಕರೀರಿ, ಬರೋವರೆಗೂ ಪಕ್ಕ ಬಿಟ್ಟು ಏಳ್ಬೇಡಿ. ಎರಡೇ ನಿಮಿಷದಲ್ಲಿ ತೋರಿಸ್ತೀನಿ" ಎಂದಳು.

"ನೀವು ಬೇರೆ ಚರ್ಚ್ ಹುಡುಕ್ಕೊಂಡು ಬಂದಿರಬೇಕು. ನಮ್ಮಲ್ಲಿ ಅಂಥೋರು ಯಾರೂ ಇಲ್ಲ" ಎಂದೆ. ಪಾಪ, ಅವಳು ಡಬ್ಬ ಬಿಟ್ಟೇ ಹೋದಳು. ನಾನು ಅದನ್ನು ಅಡುಗೆಮನೆ ಬೀರುವಿನಲ್ಲಿ ಮೇಜುಬಟ್ಟೆಗಳ ಕೆಳಗೆ ತುರುಕಿದೆ. ಬಂದವರ ಕಣ್ಣಿಗೆ ಬೀಳಬಾರದು ಎಂದು.

ನನ್ನ ಮಗ ಕ್ಲಿಂಟ್ ಛಾವಣಿ ಹೊದಿಸುವ ಕೆಲಸ ಮಾಡುತ್ತಿದ್ದ. ಜ್ಯಾರೆಟ್ ಮತ್ತು ವೇಡ್ ಅವನ ಜೊತೆಗಾರರು, ಮೂವರೂ ಒಂದನೇ ತರಗತಿಯಿಂದ ಒಂದೇ ಬೆಂಚು. ಗೆಳೆಯರಿಬ್ಬರೂ ಊರ ಹುಡುಗರ ರೂಢಿಯಂತೆ ನನ್ನನ್ನು ಮರ್ಯಾದೆಗೆ 'ಮಿಸ್ ಟ್ವೈಲಾ' ಎನ್ನುತ್ತಿದ್ದರು. ಜ್ಯಾರೆಟ್‌ನ ತಾಯಿ ಗ್ಲೆನ್ನಾ ನನಗೆ ಅಕ್ಕತಂಗಿಗಿಂತ ಹೆಚ್ಚು. ನನ್ನ ಹೆರಿಗೆಗೆ ಅವಳು ಬಂದಳು, ಅವಳ ಹೆರಿಗೆಗೆ ನಾನು ಹೋದೆ. ಮಾರ್ಚ್‌ನಲ್ಲಿ ಕ್ಲಿಂಟ್ ಬೆನ್ನು ಉಳುಕಿಸಿಕೊಂಡ. ಡಾಕ್ಟರ ಹತ್ತಿರ ಹೋಗೋ ಎಂದರೆ, "ಬಿಡಮ್ಮ, ಒಂದು ಮಾತ್ರೆ ತಗೊಂಡ್ರೆ ಹೋಗುತ್ತೆ" ಎಂದ. ಯಾವ ಮಾತ್ರೆ ಎಂದು ನಾನು ಕೇಳಲಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಮನೆಗೆ ಬಂದರೆ ಬಚ್ಚಲುಮನೆಯ ಬಾಗಿಲು ಹಾಕಿತ್ತು, ಒಳಗೆ ನಲ್ಲಿ ಸುರಿಯುತ್ತಿತ್ತು. ಕೂಗಿದೆ. ಕೊನೆಗೆ ಬಾಗಿಲನ್ನು ಹೆಗಲಿನಿಂದ ನೂಕಿದೆ. ಕ್ಲಿಂಟ್ ನೆಲದ ಮೇಲೆ ಮುದುಡಿಕೊಂಡು ಬಿದ್ದಿದ್ದ. ತುಟಿ ನೀಲಿ. ಗಂಟಲಿನಿಂದ ಗೊರಗೊರ ಸದ್ದು ಇನ್ನೂ ಬರುತ್ತಿತ್ತು. ಹೌದು, ಬರುತ್ತಿತ್ತು. ಆ ಹೆಂಗಸು ಕೊಟ್ಟುಹೋದ ಔಷಧಿ ಎರಡು ಮೈಲಿ ಆಚೆ ಮೇಜುಬಟ್ಟೆಯ ಕೆಳಗೆ ಮಲಗಿತ್ತು.

ಆಂಬ್ಯುಲೆನ್ಸಿನಲ್ಲಿ ಬಂದ ಹುಡುಗಿಗೆ ನನ್ನ ಮಗನ ವಯಸ್ಸೇ ಇರಬೇಕು. ತನ್ನ ಕೈಲಾದದ್ದನ್ನೆಲ್ಲ ಮಾಡಿದಳು, ಅವನ ಉಸಿರು ಮರಳಲಿಲ್ಲ. ಆಮೇಲೆ ಮಂಡಿಯೂರಿದಲ್ಲೇ ತಿರುಗಿ, ತೊಟ್ಟಿಯ ಅಂಚಿನಲ್ಲಿದ್ದ ಅರ್ಧ ನೀಲಿ ಮಾತ್ರೆ ತೋರಿಸಿದಳು. "ಇದು ಔಷಧಿ ಅಂಗಡಿದಲ್ಲ ಮೇಡಂ. ನೋಡೋಕೆ ಮಾತ್ರ ಹಾಗಿದೆ. ಯಾರೋ ಅಚ್ಚಲ್ಲಿ ಒತ್ತಿರೋದು, ಒಳಗೆ ಫೆಂಟನಿಲ್, ಭಾರೀ ನಶೆ ಮದ್ದು. ಒಂದ್ರಲ್ಲಿ ಚೂರು ಇರುತ್ತೆ, ಇನ್ನೊಂದ್ರಲ್ಲಿ ಆಳನ್ನ ಕೊಲ್ಲೋವಷ್ಟು ಇರುತ್ತೆ. ನುಂಗೋರಿಗೆ ಗೊತ್ತಾಗಲ್ಲ. ಇವ್ರೊಬ್ರೇ ತಗೊಂಡಿರಲ್ಲ, ಸ್ನೇಹಿತರ ಹತ್ರ ಇನ್ನೂ ಇರುತ್ತೆ. ಇವತ್ತೇ ಹೇಳಿ ಅವ್ರಿಗೆ."

ಪೊಲೀಸಿನವನು ಬಂದು ಅರ್ಧ ಮಾತ್ರೆಯನ್ನು ಲಕೋಟೆಗೆ ಹಾಕಿಕೊಂಡು ಹೋದ. ತೊಟ್ಟಿಯ ಅಂಚಿನಲ್ಲಿ ಒಂದಿಷ್ಟು ನೀಲಿ ಪುಡಿ ಉಳಿದಿತ್ತು. ಅದನ್ನು ಬ್ಲೀಚ್ ಹಾಕಿ ಮೂರು ಸಲ ಉಜ್ಜಿದೆ. ಕೈ ತೊಳೆದು, ಮೇಜಿನ ಮುಂದೆ ಕುಳಿತು, ಸ್ವಂತ ಮಗನ ಮರಣವಾರ್ತೆ ಬರೆದೆ.

'ಹಠಾತ್ತನೆ' ಎಂದು ಬರೆಯಲಿಲ್ಲ. ಆ ಮಾತನ್ನು ಆರ್ಲೀನ್ ಹೇಗೆ ಓದುತ್ತಾಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ಹುಟ್ಟಿನಿಂದ ಬಲಹೀನವಾಗಿದ್ದ ಅವನ ಹೃದಯ ಭಾನುವಾರ ಬೆಳಿಗ್ಗೆ ಸದ್ದಿಲ್ಲದೆ ನಿಂತಿತು' ಎಂದು ಬರೆದೆ. ಶಾಲೆಯಲ್ಲಿ ಕುಸ್ತಿ ಆಡಿದವನು, ಎರಡು ಕಟ್ಟು ಛಾವಣಿ ಹೊದಿಕೆ ಒಂದೇ ಹೆಗಲ ಮೇಲೆ ಹೊತ್ತು ಏಣಿ ಹತ್ತುತ್ತಿದ್ದವನು. ಅವನ ಎದೆಗೆ ಏನೂ ಆಗಿರಲಿಲ್ಲ. ನಾನು ಹೆತ್ತ ಗಟ್ಟಿಮುಟ್ಟಾದ ಮಗನನ್ನು ನಾಲ್ಕು ಜನರ ಬಾಯಿಗೆ ಹೆದರಿ ರೋಗಿಷ್ಠ ಮಾಡಿದೆ. ಆರ್ಲೀನ್ ಆ ವಾರ್ತೆ ಕತ್ತರಿಸಿ ಚರ್ಚಿನ ಸೂಚನಾ ಹಲಗೆಗೆ ಅಂಟಿಸಿದಳು. "ಎಷ್ಟು ಚೆನ್ನಾಗಿ ಬರ್ದಿದ್ಯೇ" ಎಂದು ಕಣ್ಣೊರೆಸಿಕೊಂಡಳು. ಥೂ.

ಪೆಟ್ಟಿಗೆಗೆ ಆರು ಜನ ಹೆಗಲು ಕೊಟ್ಟರು. ಮುಂದೆ ಎಡಕ್ಕೆ ಜ್ಯಾರೆಟ್, ಬಲಕ್ಕೆ ವೇಡ್. ಊಟದ ಹೊತ್ತಿಗೆ ಜ್ಯಾರೆಟ್ ತಟ್ಟೆ ಹಿಡಿದು ನನ್ನ ಹತ್ತಿರ ಬಂದ. "ಮಿಸ್ ಟ್ವೈಲಾ, ಅವ್ನ ಹಾರ್ಟ್ ವೀಕ್ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ರೆ ಏಣಿ ಹತ್ತೋಕೆ ಬಿಡ್ತಿದ್ವಾ? ಶನಿವಾರ ಅಷ್ಟು ಭಾರ ಹೊರಿಸಿದ್ದು ನಾನೇ" ಎಂದ. ಅವನು ಅಳುತ್ತಿದ್ದ. ತಾನೇ ಕೊಂದೆ ಎಂದುಕೊಂಡಿದ್ದ.

ಆಂಬ್ಯುಲೆನ್ಸಿನ ಹುಡುಗಿಯ ಮಾತು ನನ್ನ ನಾಲಿಗೆ ತುದಿಗೆ ಬಂತು. ಆರ್ಲೀನ್ ಪಕ್ಕದಲ್ಲೇ ಬೀನ್ಸ್ ಬಡಿಸುತ್ತಿದ್ದಳು. "ನಿನ್ನ ತಪ್ಪಲ್ಲ ಮಗಾ. ಊಟ ಮಾಡು" ಎಂದೆ. ಅವನ ತಟ್ಟೆಗೆ ಇನ್ನೊಂದು ಚಮಚ ಜೆಲ್ಲಿ ಹಾಕಿದೆ.

ಐದು ವಾರ ಕಳೆಯಿತು. ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಜ್ಯಾರೆಟ್ ತನ್ನ ಗಾಡಿಯಲ್ಲೇ ಸತ್ತ.

ಮರುದಿನ ಬೆಳಿಗ್ಗೆ ಗ್ಲೆನ್ನಾ ಕರೆದಳು. ನಾನು ಹೋದಾಗ ಅವಳು ಅವನ ಊಟದ ಡಬ್ಬಿ ತೊಳೆಯುತ್ತಿದ್ದಳು. ಆಗಲೇ ಎಷ್ಟು ಸಲ ತೊಳೆದಿದ್ದಳೋ.

"ಅದೇ ಹಾರ್ಟು ಕಣೇ ಟ್ವೈಲಾ" ಎಂದಳು, ನನ್ನ ಕಡೆ ತಿರುಗದೆ. "ಆ ಕೆಲಸದಲ್ಲೇ ಏನೋ ಇದೆ. ಛಾವಣಿಗೆ ಬಳಿಯೋ ಟಾರಿನ ಹೊಗೆ ಇರಬೇಕು. ಪೊಲೀಸಿನವ್ನು ಮಾತ್ರೆ ಗೀತ್ರೆ ಅಂತ ಏನೇನೋ ಕೇಳ್ದ. ಬೆನ್ನು ನೋವಿನ ಮಾತ್ರೆ ಕಣಪ್ಪ, ಮೂವರೂ ಹಂಚ್ಕೊಂಡಿದ್ರು, ಅದ್ರಲ್ಲಿ ಏನಿದೆ ಅಂದೆ. ವೇಡ್ ಹತ್ರ ಇನ್ನೂ ಇದೆ, ಅವ್ನು ಕಲ್ಲುಗುಂಡಿನ ಹಾಗಿಲ್ವಾ?" ಡಬ್ಬಿಯನ್ನು ಬೋರಲು ಹಾಕಿದಳು. "ಕ್ಲಿಂಟ್‌ಗೆ ಬರ್ದಿದ್ಯಲ್ಲ, ಹುಟ್ಟಿನಿಂದ ಬಲಹೀನ ಅಂತ, ನನ್ನ ಮಗನಿಗೂ ಹಾಗೇ ಬರ್ದುಕೊಡೇ. ಅಷ್ಟು ಚೆನ್ನಾಗಿ ನಂಗೆ ಬರಲ್ಲ."

ನನ್ನ ಚೀಲದಲ್ಲಿ ಪೆನ್ನು ಇತ್ತು, ಹಾಳೆಯೂ ಇತ್ತು. ಬರೆಯಲಿಕ್ಕೆಂದೇ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ವೇಡ್‌ನ ಹೆಸರು ಕಿವಿಗೆ ಬಿದ್ದದ್ದೇ ಚೀಲವನ್ನು ನೆಲಕ್ಕಿಟ್ಟೆ. ಹೇಳಿಬಿಟ್ಟೆ. ಬಚ್ಚಲು, ನೀಲಿ ಪುಡಿ, ಬ್ಲೀಚು, ಆ ಹುಡುಗಿ ಹೇಳಿದ ಒಂದೊಂದು ಮಾತು. ಇವತ್ತೇ ಹೇಳಿ ಅಂದಿದ್ದಳು ಎಂಬುದನ್ನೂ ಬಿಡಲಿಲ್ಲ.

ಗ್ಲೆನ್ನಾ ನಲ್ಲಿ ನಿಲ್ಲಿಸಿದಳು. "ನಿಂಗೆ ಗೊತ್ತಿತ್ತು" ಎಂದಳು.

"ಗೊತ್ತಿತ್ತು."

"ಅವತ್ತು ನನ್ನ ಮಗ ನಿನ್ನ ಮುಂದೆ ನಿಂತು ಅತ್ತ. ಆಗ್ಲೂ ಗೊತ್ತಿತ್ತು."

ಹೌದೆಂದು ತಲೆಯಾಡಿಸಿದೆ.

"ಎದ್ದು ಹೋಗು ಟ್ವೈಲಾ."

ಅಲ್ಲಿಂದ ನೆಟ್ಟಗೆ ವೇಡ್‌ನ ಮನೆಗೆ ಹೋದೆ. ಮೆಟ್ಟಿಲ ಮೇಲೆ ಕುಳಿತಿದ್ದ, ಬೆನ್ನು ನೋವಿಗೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡಿದ್ದ. ಎಲ್ಲ ಹೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಬೈದಿದ್ದರೂ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ.

"ಹಾರ್ಟ್ ಅಂತ ನೀವೇ ಬರ್ದಿದ್ರಲ್ಲ ಮಿಸ್ ಟ್ವೈಲಾ. ಅಮ್ಮ ಅದನ್ನ ಬೈಬಲ್ ಒಳಗೆ ಇಟ್ಕೊಂಡಿದಾಳೆ" ಎಂದ. "ದುಃಖದಲ್ಲಿ ತಲೇಲಿ ಏನೇನೋ ಓಡುತ್ತೆ. ನಾನು ಅದ್ರಲ್ಲೇ ನಾಲ್ಕು ನುಂಗಿದೀನಿ, ನೋಡಿ, ಕೂತಿಲ್ವಾ? ಈಗ ಒಂದೂ ಉಳಿದಿಲ್ಲ ಬಿಡಿ, ಮನೆಗೆ ಹೋಗಿ ಮಲ್ಕೊಳ್ಳಿ."

ಉಳಿದಿಲ್ಲ ಎನ್ನುವಾಗ ಅವನ ಕೈ ಅಂಗಿ ಜೇಬಿನ ಮೇಲೆ ಹೋಯಿತು. ನಾನು ಕೈ ಚಾಚಿದೆ. ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ದಿನಕ್ಕೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಪೊಲೀಸಿನವನಿಗೂ ಹೇಳಿದೆ. ವರದಿ ಬರಲಿ ನೋಡೋಣ ಎಂದ. ನಾನು ಬರೆದ ಒಂದು ಸಾಲನ್ನು ಊರೆಲ್ಲ ನಂಬಿತ್ತು, ನನ್ನ ಬಾಯಿಯ ಮಾತನ್ನು ಗ್ಲೆನ್ನಾ ಬಿಟ್ಟು ನಂಬುವವರು ಒಬ್ಬರೂ ಇರಲಿಲ್ಲ.

ಶನಿವಾರ ಜ್ಯಾರೆಟ್‌ನನ್ನು ಮಣ್ಣು ಮಾಡಿದರು. ಈ ಸಲವೂ ಮುಂದೆ ಬಲಕ್ಕೆ ವೇಡ್, ಎಡಕ್ಕೆ ಯಾರೋ ದೊಡ್ಡಪ್ಪನ ಮಗ ಎಂದು ಆಮೇಲೆ ಕೇಳಿದೆ. ನಾನು ಸಮಾಧಿಗೆ ಹೋಗಲಿಲ್ಲ, ಮುಖವಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಹಂದಿ ತೊಡೆ ಕೊಯ್ದೆ. ಕೊಬ್ಬು ಬೆರಳಿಗೆ ಅಂಟುತ್ತಿತ್ತು. ಎಲ್ಲರೂ ಬಂದು ಕುಳಿತರು. ಪಾದ್ರಿಗಳು ಎದ್ದು, ದೇವರ ಚಿತ್ತ, ನಾವು ಅರಿಯೆವು ಎಂದು ಶುರುಮಾಡಿದರು. ಅರಿಯದೇ ಇರುವುದಕ್ಕೆ ನಾವು ಎಷ್ಟು ಶ್ರಮಪಡುತ್ತೇವೆ ಎಂದು ಆ ದೇವರಿಗೇ ಗೊತ್ತು.

ಗ್ಲೆನ್ನಾ ಅವರನ್ನು ದಾಟಿಕೊಂಡು ಅಡುಗೆಮನೆಗೆ ಬಂದಳು. ಕೈಯಲ್ಲಿ ಗೀಟಿನ ಹಾಳೆ.

"ಪತ್ರಿಕೆಗೆ ಇದನ್ನೇ ಕೊಟ್ಟಿದೀನಿ. ಗುರುವಾರ ಬರುತ್ತೆ" ಎಂದಳು. "ಅಷ್ಟರವರೆಗೆ ಕಾಯೋಕೆ ಆಗಲ್ಲ. ವೇಡ್ ಅಲ್ಲಿ ಕೂತಿದಾನೆ. ನನ್ನ ಮಾತೂ ಕೇಳ್ಲಿಲ್ಲ ಅವ್ನು. ಓದು. ಎಲ್ಲರ ಮುಂದೆ. ಸುಳ್ಳು ಹೇಳಿದ ಬಾಯಿಂದಲೇ ಬರಬೇಕು."

ಏಪ್ರನ್ ಬಿಚ್ಚಲೂ ಅವಳು ಬಿಡಲಿಲ್ಲ. ಪಾದ್ರಿಗಳ ಪಕ್ಕ ಹೋಗಿ ನಿಂತೆ. ಅಕ್ಷರ ವಕ್ರವಕ್ರವಾಗಿತ್ತು, ಒಂದೂ ಅಲಂಕಾರದ ಮಾತಿರಲಿಲ್ಲ.

"ನನ್ನ ಮಗ ಜ್ಯಾರೆಟ್, ಇಪ್ಪತ್ತನಾಲ್ಕು ವರ್ಷ, ಮಂಗಳವಾರ ಗಾಡಿಯಲ್ಲಿ ಸತ್ತ. ಬೆನ್ನು ನೋವಿನದು ಎಂದು ನುಂಗಿದ ನೀಲಿ ಮಾತ್ರೆಯಲ್ಲಿ ಫೆಂಟನಿಲ್ ಇತ್ತು. ಕ್ಲಿಂಟ್ ಸತ್ತದ್ದೂ ಅದರಿಂದಲೇ. ಕ್ಲಿಂಟ್‌ನ ಹೃದಯ ಚೆನ್ನಾಗಿತ್ತು. ಅವನ ತಾಯಿಗೆ ಇದು ಗೊತ್ತಿತ್ತು, ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಆ ಮಾತ್ರೆ ಇದ್ದರೆ ಇವತ್ತೇ ಹೊರಗೆ ತನ್ನಿ."

'ಅವನ ತಾಯಿಗೆ' ಎಂಬ ಸಾಲನ್ನು ಗೊಣಗಿ ದಾಟಿದೆ. ಗ್ಲೆನ್ನಾ "ಮತ್ತೆ ಓದು" ಎಂದಳು. ಮತ್ತೆ ಓದಿದೆ. ಆಮೇಲೆ ಹಾಳೆಯಲ್ಲಿ ಇಲ್ಲದ್ದನ್ನೂ ಹೇಳಿದೆ. "ನಾನೇ ಆ ತಾಯಿ. ನಾಚಿಕೆಗೆ ಹೆದರಿ ಬಾಯಿ ಮುಚ್ಕೊಂಡೆ. ಹೋದ ವರ್ಷ ಬಂದ ಔಷಧಿ ಡಬ್ಬಾನೂ ಬಚ್ಚಿಟ್ಟೆ."

ಬೀರು ತೆಗೆದು ಮೇಜುಬಟ್ಟೆಗಳನ್ನೆಲ್ಲ ನೆಲಕ್ಕೆ ಎಳೆದು ಆ ಡಬ್ಬ ತಂದೆ. ಹಂದಿ ತೊಡೆಯ ತಟ್ಟೆ ಪಕ್ಕಕ್ಕೆ ಸರಿಸಿ ಅಲ್ಲಿಟ್ಟೆ. ಆರ್ಲೀನ್ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಬಂದು ಒಂದು ಪೊಟ್ಟಣ ತೆಗೆದುಕೊಂಡು ಕೈಚೀಲಕ್ಕೆ ಹಾಕಿಕೊಂಡಳು. ಅವಳಿಗೆ ಇಬ್ಬರು ಮೊಮ್ಮಕ್ಕಳು. ಯಾರ ಕಡೆಗೂ ನೋಡದೆ ಹೋಗಿ ಕುಳಿತಳು.

ವೇಡ್ ಕುರ್ಚಿ ಹಿಂದಕ್ಕೆ ದಬ್ಬಿ ಎದ್ದ. ಹೊರಗೆ ಹೋಗುತ್ತಾನೆ ಎಂದುಕೊಂಡೆ. ಅವನು ಮೇಜಿನ ಹತ್ತಿರ ಬಂದು ಅಂಗಿ ಜೇಬಿನಿಂದ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿ ತೆಗೆದು ನನ್ನ ಅಂಗೈಗೆ ಇಟ್ಟ. ಮುಚ್ಚಳ ತೆಗೆದರೆ ಏಳು ಮಾತ್ರೆ, ತಿಳಿ ನೀಲಿ, ಮಕ್ಕಳು ಚಪ್ಪರಿಸುವ ಮಿಠಾಯಿಯ ಬಣ್ಣ.

"ಇವತ್ತು ಮಣ್ಣು ಮಾಡಿ ಬಂದ್ಮೇಲೆ ಎರಡು ತಗೊಳ್ಳೋಣ ಅಂತಿದ್ದೆ" ಎಂದ. "ಬೆನ್ನು ತುಂಬಾ ನೋಯ್ತಿದೆ ಮಿಸ್ ಟ್ವೈಲಾ."

ಗ್ಲೆನ್ನಾ ನನ್ನ ಪಕ್ಕಕ್ಕೆ ಬಂದು ಆ ಡಬ್ಬಿಯೊಳಗೆ ಬಹಳ ಹೊತ್ತು ನೋಡಿದಳು. ಅವಳ ಕೈ ವೇಡ್‌ನ ಬೆನ್ನ ಮೇಲಿತ್ತು.

"ನನ್ನ ಮಗಾನೂ ಹೀಗೇ ತಂದು ಕೊಟ್ಟಿರ್ತಿದ್ದ" ಎಂದಳು, ನನ್ನ ಕಡೆ ತಿರುಗಿ. "ಅವತ್ತು ನೀನು ಹೇಳಿ ಕೇಳಿದ್ದಿದ್ರೆ ಸಾಕಿತ್ತು."