ಹತ್ತು ಮೀಟರ್ ವೈರು

"ಇನ್ನೂ ಎಷ್ಟು ಹೊತ್ತೇ? ನನ್ನ ಕೈ ಮರಗಟ್ಟಿಹೋಯ್ತು," ಎಂದು ಏಣಿ ಹಿಡಿದು ನಿಂತಿದ್ದ ಅತ್ತೆ ಕೆಳಗಿನಿಂದ ಕೂಗಿದರು.

ಸೊಸೆ ಕ್ಯಾರವಾನಿನ ಟಾಪಿನ ಮೇಲೆ ಬೋರಲು ಮಲಗಿ ಅಳತೆಯ ಟೇಪು ಎಳೆಯುತ್ತಿದ್ದಳು. ಕಾರಿನ ಹಿಂದೆ ಸಿಕ್ಕಿಸಿಕೊಂಡು ಎಳೆಯುವ ಈ ಗಾಲಿಮನೆ ಅಂಗಳಕ್ಕೆ ಬಂದು ತಿಂಗಳಾಗಿತ್ತು. ಏಣಿ ಹತ್ತಬೇಕಾದವನು ಗಂಡ. ಆದರೆ ಅವನು ಸ್ಟೂಲು ಹತ್ತಿದರೂ ಬೆವರುವ ಆಸಾಮಿ. ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುವ ಹೆಂಡತಿಯನ್ನು ಮೇಲೆ ಹತ್ತಿಸಿ, ತಾನು ಒಳಗೆ ಪಾತ್ರೆ ತೊಳೆಯುತ್ತ ಕ್ಷೇಮವಾಗಿದ್ದ.

"ಗಾಳಿಕಿಂಡಿ ಅಡ್ಡ ಬರುತ್ತೆ ಅತ್ತೆ. ದೊಡ್ಡ ಸೋಲಾರ್ ಪ್ಯಾನಲ್ ಕೂರಲ್ಲ."

"ಚಿಕ್ಕದು ಹಾಕು."

"ಚಿಕ್ಕದು ನಿಮ್ಮ ಫ್ರಿಜ್ಜಿಗೆ ಸಾಲಲ್ಲ."

ನಿಮ್ಮ ಫ್ರಿಜ್ಜು ಎಂದರೆ ಕ್ಯಾರವಾನಿನೊಳಗಿನ ಪುಟ್ಟ ಫ್ರಿಜ್ಜು. ಅದರಲ್ಲಿ ಇರಬೇಕಾದ್ದು ಅತ್ತೆಯ ಇನ್ಸುಲಿನ್. ಎರಡು ವರ್ಷದ ಹಿಂದೆ ಮೂವರೂ ಕಾರಿನಲ್ಲಿ ಸಮುದ್ರ ನೋಡಲು ಹೊರಟಿದ್ದರು. ಎರಡನೇ ದಿನಕ್ಕೇ ಇನ್ಸುಲಿನ್ ಇಟ್ಟಿದ್ದ ಡಬ್ಬಿಯ ಐಸೆಲ್ಲ ಕರಗಿ, ಔಷಧಿ ಕಾದು ಕೆಟ್ಟು, ಅರ್ಧ ದಾರಿಯಿಂದ ವಾಪಸು ಬರಬೇಕಾಯಿತು. ಯಾರೂ ಅವರನ್ನು ದೂರಲಿಲ್ಲ. ಅತ್ತೆಗೆ ಅದೇ ಹೆಚ್ಚು ಚುಚ್ಚಿತು. ಅಲ್ಲಿಂದಾಚೆ ಎಲ್ಲಿಗೆ ಕರೆದರೂ "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ" ಎಂಬ ಒಂದೇ ರಾಗ. ಸೊಸೆಗೋ ಅವರಿಲ್ಲದೆ ಹೋಗುವ ಮನಸ್ಸೇ ಇಲ್ಲ. ಪಕ್ಕದಲ್ಲಿ ಕೂತು ಎದುರು ಬರುವ ಗಾಡಿಯವರನ್ನೆಲ್ಲ ಅತ್ತೆ ಬಯ್ಯದಿದ್ದರೆ ಅವಳಿಗೆ ಸ್ಟಿಯರಿಂಗ್ ಹಿಡಿದ ಹಾಗೇ ಆಗುತ್ತಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಸೋಲಾರ್ ಅಂಗಡಿಗೆ ಹೋದರು. ಅಂಗಡಿಯವನು ಕ್ಯಾಲ್ಕುಲೇಟರ್ ಒತ್ತಿದ.

"ಫ್ರಿಜ್ಜು, ಎರಡು ದೀಪ, ಒಂದು ಫ್ಯಾನು. ನೂರಾ ಅರವತ್ತು ವ್ಯಾಟ್ ಬೇಕೇ ಬೇಕು ಮೇಡಂ. ಎಂಬತ್ತರದ್ದು ಎರಡು ಹಾಕೋಣ, ಕಿಂಡಿಯಿಂದಾಚೆ ಒಂದು, ಈಚೆ ಒಂದು. ಆದ್ರೆ ಗಾಡೀನ ನೆರಳಲ್ಲಿ ಮಾತ್ರ ನಿಲ್ಲಿಸ್ಬೇಡಿ. ಒಂದು ಕೊಂಬೆ ನೆರಳು ಬಿದ್ರೂ ಅರ್ಧಕ್ಕರ್ಧ ಕರೆಂಟು ಹೋಯ್ತು ಅಂತಾನೇ ಲೆಕ್ಕ."

"ಇಡೀ ದಿನ ಬಿಸಿಲಲ್ಲೇ ನಿಲ್ಲಿಸ್ಬೇಕಾ?" ಅತ್ತೆ ಕೇಳಿದರು.

"ಹೌದಮ್ಮ."

"ಚೆನ್ನಾಗಿದೆ. ಬಿಸಿಲಲ್ಲಿ ನಿಲ್ಸಿದ್ರೆ ನಾನು ಬೇಯ್ತೀನಿ, ನೆರಳಲ್ಲಿ ನಿಲ್ಸಿದ್ರೆ ನನ್ನ ಔಷಧಿ ಬೇಯುತ್ತೆ." ಅತ್ತೆ ಚೀಲವನ್ನು ಹೆಗಲಿಗೇರಿಸಿದರು. "ನೀವಿಬ್ರೇ ಹೋಗ್ಬನ್ನಿ ಕಣೇ."

ಬಿಸಿಲಿಗೆ ಅತ್ತೆಗೆ ತಲೆ ಸುತ್ತುತ್ತದೆಂದು ಗೊತ್ತಿದ್ದೂ ತಾನು ಇದನ್ನು ಯೋಚಿಸಿರಲಿಲ್ಲವಲ್ಲ ಎಂದು ಸೊಸೆಗೆ ತನ್ನ ಮೇಲೇ ಸಿಟ್ಟು ಬಂತು.

ಬಾಗಿಲವರೆಗೆ ಹೋದ ಅತ್ತೆ ಅಲ್ಲೇ ನಿಂತು ತಿರುಗಿದರು.

"ಅಲ್ಲಪ್ಪಾ, ಹಾಸಿಗೆ ಒಣಗ್ಸೋಕೆ ಅಂತ ಯಾರಾದ್ರೂ ಮನೇನೇ ಬಿಸಿಲಿಗೆ ಎಳೀತಾರಾ?"

"ಏನಮ್ಮ?"

"ಹಾಸಿಗೆ ತಾನೇ ಹೊರಗೆ ಹಾಕೋದು? ಆ ಹಲಗೇನ ಟಾಪಿಗೆ ಯಾಕೆ ಜಡೀತೀಯ? ಗಾಡಿ ನೆರಳಲ್ಲಿರ್ಲಿ. ಅದು ಬೇಕಾದ್ರೆ ಹೋಗಿ ಬಿಸಿಲಲ್ಲಿ ಬಿದ್ಕೊಳ್ಲಿ."

ಅಂಗಡಿಯವನು ಕ್ಯಾಲ್ಕುಲೇಟರನ್ನು ಕೆಳಗಿಟ್ಟ. "ಮಡಿಚೋ ಪ್ಯಾನಲ್ ಇದೆ, ಕಾಲೂ ಇರುತ್ತೆ, ನೆಲದ ಮೇಲೇ ನಿಲ್ಲಿಸ್ಬೋದು. ಹತ್ತು ಮೀಟರ್ ವೈರು ಬೇಕಾಗುತ್ತೆ, ದಪ್ಪಂದು. ಸಣ್ಣ ವೈರಾದ್ರೆ ಕರೆಂಟು ದಾರೀಲೇ ಸೋರಿ ಹೋಗುತ್ತೆ. ಆದ್ರೆ ಸೂರ್ಯ ತಿರುಗಿದ ಹಾಗೆಲ್ಲ ಅದನ್ನೂ ತಿರುಗಿಸ್ತಾ ಇರ್ಬೇಕು. ಜನಕ್ಕೆ ಅದು ರಗಳೆ, ಅದಕ್ಕೇ ಹೇಳ್ಲಿಲ್ಲ."

"ನಲವತ್ತು ವರ್ಷ ಹಾಸಿಗೆ ತಿರುವಿ ಹಾಕಿದೀನಿ. ಕೊಡು."

ಮರುದಿನ ಬೆಳಿಗ್ಗೆ ಜೋಡಣೆ. ನೆಲದ ಮೇಲೆ ನಿಂತು ಮಾಡುವ ಕೆಲಸವಾದ್ದರಿಂದ ಗಂಡನೂ ಧೈರ್ಯವಾಗಿ ಹೊರಗೆ ಬಂದು, ಪ್ಯಾನಲ್ ಜೊತೆ ಬಂದಿದ್ದ ಕಾಗದ ಓದಿ ಹೇಳುವ ಜವಾಬ್ದಾರಿ ಹೊತ್ತುಕೊಂಡ. "ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಉಲ್ಟಾ ಮಾಡಿದ್ರೆ ಕಂಟ್ರೋಲರ್ ಸುಟ್ಟೋಗ್ಬೋದು ಅಂತ ಬರ್ದಿದಾರೆ."

"ಮನೇಲಿ ಜನ ಇದ್ದಾಗ್ಲೇ ನೆಂಟರು ಬರ್ಬೇಕು ಅಂತ ತಾನೇ? ಅದಕ್ಯಾಕೆ ಅಷ್ಟುದ್ದ ಬರ್ದಿದಾರೆ?" ಎಂದರು ಅತ್ತೆ. ಬಿಚ್ಚಿಟ್ಟ ಪ್ಯಾನಲ್ಲಿನ ಮೇಲೆ ಬಿಸಿಲು ಬೀಳದ ಹಾಗೆ ಅವರೇ ಕಂಬಳಿ ಹೊದಿಸಿ, ತುದಿ ಹಿಡಿದು ಕಾದರು. ಸೊಸೆ ಗಾಡಿಯ ಬ್ಯಾಟರಿಯ ವೈರುಗಳನ್ನು, ಪ್ಯಾನಲ್ಲಿನ ಕರೆಂಟನ್ನು ಹದಕ್ಕೆ ತರುವ ಕಂಟ್ರೋಲರಿನ ಪುಟ್ಟ ಪೆಟ್ಟಿಗೆಗೆ ಬಿಗಿದಳು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಎರಡು ಸಲ ಎಳೆದು ನೋಡಿದಳು. ಆಮೇಲೆ ಉದ್ದದ ವೈರಿನ ತುದಿಯನ್ನು ಸಿಕ್ಕಿಸಿದಳು.

"ತೆಗೀಲಾ?"

"ತೆಗೀರಿ ಅತ್ತೆ."

ಕಂಬಳಿ ಸರಿಯಿತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿಕೊಂಡಿತು, ಅಂಕಿಗಳು ಏರತೊಡಗಿದವು. ಗಂಡ ಚಪ್ಪಾಳೆ ತಟ್ಟಿದ. ಸೊಸೆ ಖುಷಿ ತಡೆಯಲಾಗದೆ ಅತ್ತೆಯನ್ನು ಅಪ್ಪಿಕೊಂಡಳು. "ಇನ್ನೇನು, ಬರ್ತೀರ ತಾನೇ?"

"ನೋಡೋಣ," ಎಂದಷ್ಟೇ ಹೇಳಿ ಅತ್ತೆ ಬಿಡಿಸಿಕೊಂಡರು.

ಪರೀಕ್ಷೆಗೆಂದು ಗಾಡಿ ಅಂಗಳದ ಮರದಡಿ ನಿಂತಿತು, ಅದರ ಫ್ರಿಜ್ಜಿನಲ್ಲಿ ಒಂದು ಬಾಟಲಿ ನೀರು, ಒಂದು ಥರ್ಮಾಮೀಟರು. ಅತ್ತೆ ಹೊತ್ತುಹೊತ್ತಿಗೆ ಪ್ಯಾನಲ್ಲನ್ನು ಎತ್ತಿ ತಿರುಗಿಸುತ್ತ, ಫ್ರಿಜ್ಜಿಗೆ ಕಣ್ಣಿಟ್ಟು ನೋಡುತ್ತ ಮೂರು ದಿನ ಕಳೆದರು. ಮೊದಲೆರಡು ದಿನ ನಾಲ್ಕು ಡಿಗ್ರಿ. ಮೂರನೇ ದಿನ ಪೂರ್ತಿ ಮೋಡ. ಬ್ಯಾಟರಿ ಎಪ್ಪತ್ತು ಪರ್ಸೆಂಟಿಗೆ ಇಳಿದರೂ ಥರ್ಮಾಮೀಟರು ಐದು ದಾಟಲಿಲ್ಲ. ಸೊಸೆ ಕೇಳಿದಾಗೆಲ್ಲ ಬಂದ ಉತ್ತರ ಮಾತ್ರ ಅದೇ "ನೋಡೋಣ". ಅವಳು ಕೇಳುವುದನ್ನೇ ಬಿಟ್ಟಳು.

ನಾಲ್ಕನೇ ದಿನ ಸಂಜೆ ಕೆಲಸದಿಂದ ಬಂದವಳು, ಗಾಡಿಯ ಬಾಗಿಲು ಮುಚ್ಚುತ್ತಿದ್ದ ಅತ್ತೆಯನ್ನು ದಾಟಿ ಒಳಗೆ ಹೋಗಿ, ತಣ್ಣೀರಿಗೆಂದು ಅಡುಗೆಮನೆಯ ಫ್ರಿಜ್ಜು ತೆರೆದಳು. ಅದರ ಬಾಗಿಲಿನಲ್ಲಿ ಮೊಟ್ಟೆಗೆಂದೇ ಇದ್ದ ತಟ್ಟೆ ಆರು ವರ್ಷದಿಂದ ಇನ್ಸುಲಿನ್ನಿಗೆ ಮೀಸಲಾಗಿತ್ತು; ಅಲ್ಲಿಂದ ಎತ್ತಂಗಡಿಯಾದ ಮೊಟ್ಟೆಗಳು ಒಳಗೆಲ್ಲೋ ಬಟ್ಟಲಲ್ಲಿ ಉರುಳಾಡಿಕೊಂಡಿರುತ್ತಿದ್ದವು. ಇವತ್ತು ತಟ್ಟೆಯಲ್ಲಿ ಔಷಧಿಯ ಒಂದು ಶೀಷೆಯೂ ಇರಲಿಲ್ಲ. ಕುಳಿಗೊಂದರಂತೆ ಆರು ಮೊಟ್ಟೆಗಳು ನೆಟ್ಟಗೆ ಕೂತಿದ್ದವು.