ಔಡಲೆಣ್ಣೆಯಲ್ಲಿ ಬಿದ್ದ ಗುಂಡು

ಮೆಂತ್ಯ ಸೀದ ವಾಸನೆ. ಉಪ್ಪಿನಬೆಟಗೇರಿಯ ಮನೆಯಲ್ಲಿ ಅಜ್ಜಿ ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ ಹರಳೆಣ್ಣೆ ತೆಗೆಯುತ್ತಿದ್ದಳು. ಕೊನೆಗೆ ಒಂದು ಹಿಡಿ ಮೆಂತ್ಯ ಹಾಕುತ್ತಿದ್ದಳು. ಆದಿತ್ಯವಾರ ಅದು ನೆತ್ತಿಗೆ ಬಿತ್ತೆಂದರೆ ಮಂಗಳವಾರದ ತನಕ ಸಾಲೆಯಲ್ಲಿ ರಜನಿಯ ಪಕ್ಕ ಯಾರೂ ಕೂಡುತ್ತಿರಲಿಲ್ಲ.

ಈಗ ರಜನಿಗೆ ಮೂವತ್ತೆಂಟು. ಧಾರವಾಡದ ಕಾಲೇಜಿನ ಪ್ರಯೋಗಾಲಯದಲ್ಲಿ ಆರು ವರ್ಷದಿಂದ ಎಣ್ಣೆಗಳ ಸ್ನಿಗ್ಧತೆ ಅಳೆಯುತ್ತಿದ್ದಳು. ಎತ್ತರದ ಗಾಜಿನ ಕೊಳವೆಗೆ ಎಣ್ಣೆ ತುಂಬಿ, ಸಣ್ಣ ಉಕ್ಕಿನ ಗುಂಡು ಬಿಟ್ಟು, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಅದು ಇಳಿಯುವ ಹೊತ್ತನ್ನು ಎಣಿಸಬೇಕು. ಎಣ್ಣೆ ಮಂದವಿದ್ದಷ್ಟೂ ಗುಂಡು ತಡ. ಔಡಲೆಣ್ಣೆಯಲ್ಲಿ ಹನ್ನೊಂದೂವರೆ ಸೆಕೆಂಡು ಎಂದು ಅವಳ ಪಿಎಚ್.ಡಿ. ಪ್ರಬಂಧ ಹೇಳುತ್ತಿತ್ತು. ಅದೇ ಎಣ್ಣೆಯಲ್ಲಿ ಇನ್ನೊಮ್ಮೆ ಅಳೆದು ತೋರಿಸಿದರೆ ಮಾತ್ರ ಸಹಿ ಎಂದಿದ್ದರು ಮಾರ್ಗದರ್ಶಕ ಬಾಳಕೃಷ್ಣ ಸರ್. ಪ್ರಬಂಧ ಒಪ್ಪಿಸಲು ನಾಳೆ ಸಂಜೆ ಐದೇ ಕಡೆಯ ಗಡುವು. ಆಮೇಲೆ ನೋಂದಣಿಯೇ ರದ್ದು.

ನಾಲ್ಕು ದಿನದಿಂದ ಗುಂಡು ಹತ್ತೇ ಸೆಕೆಂಡಿಗೆ ಕೆಳಗಿನ ಗೆರೆ ಮುಟ್ಟುತ್ತಿತ್ತು. ಅವಳು ಥರ್ಮಾಮೀಟರ್ ಬದಲಿಸಿದಳು, ಗುಂಡುಗಳನ್ನು ಒಂದೊಂದಾಗಿ ಅಳೆದಳು, ಗಡಿಯಾರ ಬದಲಿಸಿದಳು. ಹತ್ತು. ಮತ್ತೆ ಹತ್ತು. ಸಾಲದ್ದಕ್ಕೆ ನೆಗಡಿ ಬೇರೆ, ಮೂಗು ಕಟ್ಟಿತ್ತು.

ಪ್ರಯೋಗಾಲಯದ ಸಿಪಾಯಿ ದ್ಯಾಮಣ್ಣ ಲೋಟ ತಂದಿಟ್ಟ. "ಮೆಣಸಿನ ಕಷಾಯ ಐತ್ರಿ ಅಕ್ಕಾರ. ಕುಡೀರಿ. ಗುಂಡು ಲಗೂ ಮುಟ್ಟಿದ್ರ ಛಲೋ ಅಲ್ಲೇನ್ರಿ? ನಮ್ಮ ಬಸ್ಸು ಒಂದಿನಾನೂ ಲಗೂ ಮುಟ್ಟಿಲ್ಲ."

"ಅದು ಲಗೂ ಮುಟ್ಟಿದ್ರ ನಾ ಮುಳಗತೇನಿ ಕಾಕಾ."

ಕಷಾಯ ಖಾರವಿತ್ತು. ಎರಡು ಸಲ ಸೀನಿದಳು, ಮೂಗು ಬಿಚ್ಚಿತು. ಇನ್ನೊಂದು ಗುಂಡು ಬಿಡಲು ಕೊಳವೆಯ ಮೇಲೆ ಬಗ್ಗಿದವಳು ಹಾಗೆಯೇ ನಿಂತಳು. ಮೆಂತ್ಯ.

"ಕಾಕಾ, ಈ ಕೊಳವ್ಯಾಗ ಏನರ ಹಾಕೀರೇನು?"

ದ್ಯಾಮಣ್ಣನ ಮುಖ ಅರಳಿತು. "ಹೋದ ಶುಕ್ರವಾರ ಎಣ್ಣಿ ಗೆರಿ ಕೆಳಗ ಇಳದಿತ್ತು. ನೀವು ಹಣಿ ಬಡ್ಕೊಂಡು ಕುಂತಿದ್ರಿ. ನೀವು ಹೋದ ಮ್ಯಾಲ ನಾನ ಸೀಸೇದಾಗ ಇದ್ದಷ್ಟೂ ಸುರುವಿದೆ, ಸಾಲ್ಲಿಲ್ಲ. ಅದಕ್ಕ ಮನಿಯಿಂದ ತಂದು ತುಂಬಿದೆ. ನಮ್ಮ ಮನ್ಯಾಕಿ ಶರಣವ್ವ ಕೈಯಾರೆ ತಗದದ್ರಿ, ಅಸಲ್ ಔಡಲ. ತಲಿಗೆ ಹಚ್ಚಾಕ ಸಲೀಸು ಆಗ್ಲೆಂತ ಚೂರು ತೆಳ್ಳನ ಕುಸುಬಿ ಎಣ್ಣಿ ಕೂಡ್ಸಿರ್ತಾಳ, ಅಷ್ಟ."

ರಜನಿ ಖಾಲಿ ಸೀಸೆ ಎತ್ತಿ ಬೋರಲು ಹಿಡಿದಳು. ಮೊದಲಿನ ಎಣ್ಣೆ ಒಂದು ಹನಿಯೂ ಉಳಿದಿರಲಿಲ್ಲ. ಅವಳ ಮುಖ ನೋಡಿ ದ್ಯಾಮಣ್ಣನ ನಗು ತಾನಾಗಿಯೇ ಇಳಿಯಿತು.

ನೋಟ್‌ಬುಕ್ ತೆರೆದೇ ಇತ್ತು. ಬರಬೇಕಾದ ಅಂಕಿ ಅವಳಿಗೆ ಬಾಯಿಪಾಠ. ಹನ್ನೊಂದೂವರೆ ಎಂದು ಹತ್ತು ಸಲ ಬರೆದರೆ ಯಾರಿಗೆ ಗೊತ್ತಾಗುತ್ತಿತ್ತು? 'ಹನ್ನೊಂದೂವರೆ' ಎಂದು ಒಂದು ಸಲ ಬರೆದಳು. ಬಹಳ ಹೊತ್ತು ಅದನ್ನೇ ನೋಡಿದಳು. ಅದರ ಮೇಲೆ ಗೆರೆ ಎಳೆದು ಕೆಳಗೆ ಬರೆದಳು: 'ಎಣ್ಣೆ ಬೆರಕೆಯಾಗಿದೆ. ಈ ಅಳತೆಗಳು ಲೆಕ್ಕಕ್ಕಿಲ್ಲ.'

ಬಾಳಕೃಷ್ಣ ಸರ್ ತಮ್ಮ ಕೋಣೆಯಲ್ಲಿ ಅದನ್ನು ಓದಿ ಕನ್ನಡಕ ತೆಗೆದರು. "ಯಾರು ಬೆರಸಿದ್ರು?"

"ಕೊಳವಿ ನಂದ್ರಿ ಸರ್. ನೋಡ್ಕೋಬೇಕಾಗಿದ್ದು ನಾನು."

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಎರಡನೆಯ ಸಲ ಕೇಳಲಿಲ್ಲ. "ಹೊಸಾ ಎಣ್ಣಿ ತಂದ್ರ ಎಲ್ಲಾ ಮೊದಲಿನಿಂದ ಅಳೀಬೇಕು, ಮೂರು ತಿಂಗಳ ಕೆಲಸ ಅದ. ನಾಳೆ ನನಗ ಸಹಿ ಮಾಡಲಿಕ್ಕೆ ಬರೂದಿಲ್ಲ, ರಜನಿ."

"ಗೊತ್ತೈತ್ರಿ ಸರ್."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಆರು ವರ್ಷ. ಅಳುವುದಕ್ಕೂ ತ್ರಾಣವಿರಲಿಲ್ಲ.

ಬಾಗಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ದ್ಯಾಮಣ್ಣ ಒಂದು ಮೆಟ್ಟಿಲು ಕೆಳಗೆ ಕೂತ. ತನ್ನ ಬುತ್ತಿಯ ಗಂಟು ಬಿಚ್ಚಿದ. ಎರಡೇ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಎರಡೂ ರೊಟ್ಟಿಗಳ ಮೇಲೆ ಪಲ್ಯ ಹಚ್ಚಿ, ತಲೆ ಎತ್ತದೆ, ಅವಳ ಕೈಗೆ ಕೊಟ್ಟ.